ಲೆಕ್ಕ ಯಾರಿಗೆ ಒಪ್ಪಿಸಬೇಕು?

ಪಂಚಾಯಿತಿ ಕಚೇರಿಗೆ ಕೆಲಸಕ್ಕೆಂದು ಹೋದವರು ಸಾಮಾನ್ಯವಾಗಿ ನಾಲ್ಕು ಉತ್ತರಗಳಲ್ಲಿ ಒಂದನ್ನು ಕೇಳಿಸಿಕೊಂಡು ವಾಪಸಾಗುತ್ತಾರೆ. ‘ಅನುದಾನ ಬಂದಿಲ್ಲ.’ ‘ಆಕ್ಷನ್ ಪ್ಲ್ಯಾನ್‌ಗೆ ಹಾಕಿದ್ದೀವಿ.’ ‘ಸರ್ವರ್ ಇಲ್ಲ, ನಾಳೆ ಬನ್ನಿ.’ ‘ಅದು ನಮ್ಮ ಲಿಮಿಟ್ಟಿಗೆ ಬರಲ್ಲ.’ ಇವನ್ನು ಬರೀ ಸಬೂಬು ಎಂದು ತಳ್ಳಿಹಾಕುವುದು ಸುಲಭ. ಆದರೆ ಹತ್ತರಲ್ಲಿ ಏಳೆಂಟು ಸಲ ಆ ಮಾತು ನಿಜವೇ ಆಗಿರುತ್ತದೆ. ಒಂದು ಚಿಕ್ಕ ಊರಿನ ಆಡಳಿತ ದಿನದಿನವೂ ಹೇಗೆ ನಡೆಯುತ್ತದೆ, ಎಲ್ಲಿ ನಿಂತುಹೋಗುತ್ತದೆ ಎಂದು ತಿಳಿಯಬೇಕಾದರೆ ಈ ನಾಲ್ಕು ಉತ್ತರಗಳ ಬೆನ್ನು ಹತ್ತಿ ಹೋಗುವುದೇ ಸರಿಯಾದ ದಾರಿ.

ಇದನ್ನು ನೋಡಲು ಮಾಂಬಳ್ಳಿ ಒಳ್ಳೆಯ ಊರು. ಚಾಮರಾಜನಗರ ಜಿಲ್ಲೆಯ ಯಳಂದೂರು ತಾಲ್ಲೂಕಿನಲ್ಲಿ ಅಗರದ ಜೊತೆ ಸೇರಿಸಿ ‘ಅಗರ–ಮಾಂಬಳ್ಳಿ’ ಎಂದೇ ಜನ ಕರೆಯುವ ಜೋಡಿ ಊರು ಇದು. ಪೊಲೀಸ್ ಠಾಣೆಗೂ ಅದೇ ಜೋಡಿ ಹೆಸರು. ಗದ್ದೆ ತೋಟಗಳ ಊರಾದರೂ ರೇಷ್ಮೆ ನೂಲು ಬಿಚ್ಚುವವರ ಊರೆಂದೂ ಹೆಸರಾಗಿದೆ. ಇಲ್ಲಿ ಸರ್ಕಾರಿ ರೇಷ್ಮೆ ನೂಲು ಬಿಚ್ಚಣಿಕೆ ಕಾರ್ಖಾನೆಯೂ ಇತ್ತು. ಹಳ್ಳಿ ಎಂದರೆ ಸ್ವಲ್ಪ ಕಡಿಮೆಯಾಯಿತು, ಪಟ್ಟಣ ಎಂದರೆ ಸ್ವಲ್ಪ ಹೆಚ್ಚಾಯಿತು ಎನ್ನುವ ಸ್ಥಿತಿ. ಇಂಥ ಊರಿನವರಿಗೆ ಮನೆ ಖಾತೆ, ನೀರು, ದೀಪ ಪಂಚಾಯಿತಿಯಲ್ಲಿ, ಪಹಣಿ, ಪಿಂಚಣಿ ಯಳಂದೂರಿನ ತಾಲ್ಲೂಕು ಕಚೇರಿಯಲ್ಲಿ, ಉಪವಿಭಾಗಾಧಿಕಾರಿ ಕೊಳ್ಳೇಗಾಲದಲ್ಲಿ, ಜಿಲ್ಲಾ ಪಂಚಾಯಿತಿ ಚಾಮರಾಜನಗರದಲ್ಲಿ, ಕರೆಂಟಿನ ಸೆಸ್ಕ್ ಕಂಪನಿಯ ಮುಖ್ಯ ಕಚೇರಿ ಮೈಸೂರಿನಲ್ಲಿ. ಒಂದು ಸಂಸಾರದ ವ್ಯವಹಾರ ಐದು ಊರುಗಳಲ್ಲಿ ಹರಡಿಕೊಂಡಿದೆ.

ಎರಡು ಸೀಮೆ, ಎರಡು ಪದ್ಧತಿ

ಈ ಭಾಗದ ಆಡಳಿತಕ್ಕೆ ಒಂದು ವಿಶೇಷ ಹಿನ್ನೆಲೆ ಇದೆ. ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕ ಮೈಸೂರು ಸೀಮೆಯ ನೆಲ. ಕೂಗಳತೆಯ ಕೊಳ್ಳೇಗಾಲವಾದರೋ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಹನೂರು, ಮಲೆ ಮಹದೇಶ್ವರ ಬೆಟ್ಟ ಕೂಡ ಆ ಕಡೆಯವೇ. ಹೀಗಾಗಿ ಇತ್ತ ಪಟೇಲ, ಶಾನುಭೋಗರ ಕಾಲ ನಡೆದರೆ ಅತ್ತ ಮುನ್ಸೀಫ್, ಕರ್ಣಂಗಳ ಕಾಲ ನಡೆಯಿತು. ವಂಶಪಾರಂಪರ್ಯದ ಆ ಗ್ರಾಮಾಧಿಕಾರವನ್ನು 1961ರ ಕಾನೂನು ರದ್ದು ಮಾಡಿತು. 1963ರಿಂದ ಅದು ಜಾರಿಗೆ ಬಂತು. ಅವರ ಜಾಗಕ್ಕೆ ಸಂಬಳದ ಗ್ರಾಮ ಲೆಕ್ಕಿಗ ಬಂದ. ಇಂದು ಅವರನ್ನು ಗ್ರಾಮ ಆಡಳಿತಾಧಿಕಾರಿ ಎನ್ನುತ್ತೇವೆ.

ಜಮೀನಿನ ಲೆಕ್ಕ ಹೀಗೆ ಕಂದಾಯ ಇಲಾಖೆಯ ಕೈಯಲ್ಲಿ ಉಳಿಯಿತು. ಊರೊಟ್ಟಿನ ಕೆಲಸ ಪಂಚಾಯಿತಿಯ ಪಾಲಾಯಿತು. 1959ರ ಕಾನೂನಿನ ಪಂಚಾಯಿತಿಗಳಿಗೆ ಹೆಸರಿತ್ತು, ಕೈಯಲ್ಲಿ ಕಾಸಿರಲಿಲ್ಲ. ಅದನ್ನು ಬದಲಿಸಲು ಹೊರಟವರು ಇದೇ ಜಿಲ್ಲೆಯ ಗುಂಡ್ಲುಪೇಟೆಯ ಅಬ್ದುಲ್ ನಜೀರ್‌ಸಾಬ್. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮಂತ್ರಿಯಾಗಿದ್ದ ಅವರು ಊರೂರಿಗೆ ಕೊಳವೆಬಾವಿ ಕೊರೆಸಿ ‘ನೀರ್ ಸಾಬ್’ ಎನಿಸಿಕೊಂಡರು. ಬೋರ್‌ವೆಲ್‌ಗಿಂತ ದೊಡ್ಡದು ಅವರು ಹಿಂದೆ ಬಿದ್ದು ತಂದ 1983ರ ಕಾನೂನು. ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಿಗೆ ನಿಜವಾದ ಅಧಿಕಾರ, ಹೆಂಗಸರಿಗೆ ಶೇ 25ರ ಮೀಸಲಾತಿ ಅದರಲ್ಲಿತ್ತು. 1987ರಲ್ಲಿ ಚುನಾವಣೆ ನಡೆಯಿತು. ಮರುವರ್ಷ ನಜೀರ್‌ಸಾಬ್ ತೀರಿಕೊಂಡರು. ಆಮೇಲೆ ಸಂವಿಧಾನದ 73ನೇ ತಿದ್ದುಪಡಿ ಬಂತು. ಅದನ್ನು ಅನುಸರಿಸಿ ರಾಜ್ಯದ 1993ರ ಪಂಚಾಯತ್ ರಾಜ್ ಕಾನೂನು ಬಂತು. ಮಂಡಲ ಹೋಗಿ ಗ್ರಾಮ ಪಂಚಾಯಿತಿ ಆಯಿತು, ಸುಮಾರು 400 ಜನರಿಗೆ ಒಬ್ಬ ಸದಸ್ಯ ಎಂಬ ಲೆಕ್ಕ ಬಂತು. 2010ರಲ್ಲಿ ಹೆಂಗಸರ ಪಾಲು ಅರ್ಧಕ್ಕೆ ಏರಿತು. ಪಂಚಾಯಿತಿ ಸುಧಾರಣೆಯ ರಮೇಶ್ ಕುಮಾರ್ ಸಮಿತಿಯ ಶಿಫಾರಸಿನ ನಂತರ ಆದ ದೊಡ್ಡ ತಿದ್ದುಪಡಿಯಲ್ಲಿ ಕಾನೂನಿನ ಹೆಸರಿಗೇ ‘ಗ್ರಾಮ ಸ್ವರಾಜ್’ ಸೇರಿಕೊಂಡಿತು.

ಕಾಗದದ ಮೇಲೆ ಸಂವಿಧಾನದ ಹನ್ನೊಂದನೇ ಅನುಸೂಚಿಯ 29 ವಿಷಯಗಳು ಪಂಚಾಯಿತಿಗಳಿಗೆ ಸೇರಬೇಕಾದವು. ಕಾನೂನಿನ ಬಡತನ ಇಲ್ಲ ಎಂದಾಯಿತು. ಹಾಗಿದ್ದರೆ ತೊಡಕು ಎಲ್ಲಿ?

‘ಅನುದಾನ ಬಂದಿಲ್ಲ’

ಮೊದಲು ದುಡ್ಡು. ದೇಶದ ಪಂಚಾಯಿತಿಗಳ ಹಣಕಾಸಿನ ಬಗ್ಗೆ ರಿಸರ್ವ್ ಬ್ಯಾಂಕು 2024ರಲ್ಲಿ ಹೊರತಂದ ವರದಿಯ ಪ್ರಕಾರ, ಅವುಗಳ ವರಮಾನದಲ್ಲಿ ತಾವೇ ಹಾಕಿ ವಸೂಲು ಮಾಡುವ ತೆರಿಗೆಯ ಪಾಲು ಶೇ 1ರಷ್ಟು ಮಾತ್ರ. ಸುಮಾರು ಶೇ 80 ಕೇಂದ್ರದ ಅನುದಾನ, ಶೇ 15ರಷ್ಟು ರಾಜ್ಯದ್ದು. ಕರ್ನಾಟಕದ ಸ್ಥಿತಿ ಹಲವು ರಾಜ್ಯಗಳಿಗಿಂತ ಮೇಲು ಎಂದುಕೊಂಡರೂ ಮೂಲ ಚಿತ್ರ ಬೇರೆಯಲ್ಲ.

ಬರುವ ಅನುದಾನಕ್ಕೂ ಹಗ್ಗ ಕಟ್ಟಿರುತ್ತದೆ. 15ನೇ ಹಣಕಾಸು ಆಯೋಗದ ಹಣದಲ್ಲಿ ಶೇ 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಖರ್ಚು ಮಾಡಬೇಕಿತ್ತು. ಉಳಿದ ಶೇ 40ರಲ್ಲಿ ಊರಿನ ಇಷ್ಟ ನಡೆಯುತ್ತಿತ್ತು. ಅದರಲ್ಲೂ ಮೇಲಿನ ಸುತ್ತೋಲೆಗಳು ಪಾಲು ಕೇಳುತ್ತಿದ್ದವು. ರಾಜ್ಯ ಕೊಡುವ ಶಾಸನಬದ್ಧ ಅನುದಾನದ ದೊಡ್ಡ ಭಾಗ ಪಂಪ್‌ಸೆಟ್ಟು ಮತ್ತು ಬೀದಿದೀಪದ ಕರೆಂಟು ಬಿಲ್ಲಿಗೆ ಹೋಗುತ್ತದೆ. ಒಂದು ಸರ್ಕಾರಿ ಖಾತೆಯಿಂದ ಹೊರಟ ದುಡ್ಡು ಇನ್ನೊಂದು ಸರ್ಕಾರಿ ಕಂಪನಿಯ ಖಾತೆಗೆ ಸೇರುವಾಗ ಪಂಚಾಯಿತಿ ನಡುವೆ ಒಂದು ಸಹಿ ಹಾಕುತ್ತದೆ, ಅಷ್ಟೆ.

ಮನೆ ಕಂದಾಯದ ರಸೀದಿಯನ್ನು ಕಣ್ಣಿಟ್ಟು ನೋಡಿದರೆ ಇನ್ನೊಂದು ವಿಷಯ ತಿಳಿಯುತ್ತದೆ. ಮೂಲ ತೆರಿಗೆಯ ಮೇಲೆ ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3 ಎಂದು ಸೇರಿಕೊಂಡಿರುತ್ತವೆ. ಭಿಕ್ಷುಕರ ಕರದಂಥವು ಊರಿನಲ್ಲಿ ಉಳಿಯುವಂಥವಲ್ಲ. ಕಟ್ಟುವವರಿಗೆ ಇದು ಗೊತ್ತಿರುವುದಿಲ್ಲ, ವಸೂಲು ಮಾಡುವವರು ಹೇಳುವುದಿಲ್ಲ.

ಹಾಗಾದರೆ ತೆರಿಗೆ ಹೆಚ್ಚಿಸಿ, ಪೂರಾ ವಸೂಲು ಮಾಡಿ ಎಂದರೆ? ಇಲ್ಲಿ ಕಾನೂನಿಗಿಂತ ನೆಂಟಸ್ತಿಕೆ ಗಟ್ಟಿ. ಸದಸ್ಯ ಗೆದ್ದಿರುವುದು ತನ್ನ ಬೀದಿಯ ಇನ್ನೂರು ಮುನ್ನೂರು ಮತಗಳಲ್ಲಿ. ಅದರಲ್ಲಿ ಅರ್ಧ ದಾಯಾದಿಗಳು, ಬೀಗರು, ಒಂದೇ ಕುಲದವರು. ‘ಅಣ್ಣ, ಮೂರು ವರ್ಷದ ಬಾಕಿ ಕಟ್ಟು’ ಎಂದು ಅವರ ಬಾಗಿಲಲ್ಲಿ ನಿಲ್ಲುವುದು ಯಾರಿಗೆ ಬೇಕು? ಬಿಲ್ ಕಲೆಕ್ಟರ್ ನಿಂತರೂ ಸದಸ್ಯರಿಗೆ ಫೋನು ಹೋಗುತ್ತದೆ. ಕೊಟ್ಟವರಿಗೂ ಕೊಡದವರಿಗೂ ಒಂದೇ ನಲ್ಲಿಯಲ್ಲಿ ಒಂದೇ ನೀರು ಬರುವಾಗ, ಕೊಟ್ಟವರೂ ಮರುವರ್ಷ ಕೊಡದವರ ಸಾಲಿಗೆ ಸೇರುತ್ತಾರೆ.

ಖರ್ಚು ಯಾರು ಕೊಡಬೇಕು ಎಂಬ ಈ ಪ್ರಶ್ನೆ ಕುಡಿಯುವ ನೀರಿನಲ್ಲಿ ತೀರಾ ಹರಿತವಾಗುತ್ತದೆ. 2019ರಲ್ಲಿ ಶುರುವಾದ ಜಲಜೀವನ್ ಮಿಷನ್ ತಲೆಗೆ ದಿನಕ್ಕೆ 55 ಲೀಟರ್ ನೀರನ್ನು ಮನೆಯೊಳಗಿನ ನಲ್ಲಿಗೆ ತರುವ ಯೋಜನೆ. ಕರ್ನಾಟಕದಲ್ಲಿ ಅದು ‘ಮನೆ ಮನೆಗೆ ಗಂಗೆ’. ಪೈಪು ಹಾಕಲು ದೆಹಲಿ, ಬೆಂಗಳೂರಿನ ಹಣ ಬಂತು. ಮೋಟರು ಸುಟ್ಟಾಗ ಕಟ್ಟಿಸುವ ಖರ್ಚು, ತೊಂಬೆ ತೊಳೆಸುವ ಖರ್ಚು, ನೀರುಗಂಟಿಯ ಸಂಬಳ ಪಂಚಾಯಿತಿಯ ಹೆಗಲಿಗೆ. ನೀರು ಬಿಡುವ ನೀರುಗಂಟಿಯೇ ಊರಿನವರ ಪಾಲಿಗೆ ಸರ್ಕಾರ. ಬೆಳಗ್ಗೆ ಆರಕ್ಕೆ ವಾಲ್ವ್ ತಿರುಗಿಸುವ ಅವನ ಕೈ ನಿಂತರೆ ಅಧ್ಯಕ್ಷರು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ), ಶಾಸಕರು ಎಲ್ಲರ ಹೆಸರೂ ಬೀದಿಗೆ ಬರುತ್ತದೆ. ಅಷ್ಟು ಮುಖ್ಯ ಮನುಷ್ಯನ ಸಂಬಳ ತಿಂಗಳುಗಟ್ಟಲೆ ತಡವಾಗುವುದು ಈ ರಾಜ್ಯದ ಪಂಚಾಯಿತಿಗಳಲ್ಲಿ ಹೊಸ ಸುದ್ದಿಯಲ್ಲ.

ಈ ಲೇಖನ ಹೇಳಬೇಕಾದ ಮಾತು ಇಲ್ಲೇ ಇದೆ: ದುಡ್ಡು ಎಲ್ಲಿಂದ ಬರುತ್ತದೋ ಲೆಕ್ಕ ಅಲ್ಲಿಗೇ ಹೋಗುತ್ತದೆ. ಅನುದಾನದಲ್ಲಿ ಬದುಕುವ ಪಂಚಾಯಿತಿ ಬಳಕೆ ಪ್ರಮಾಣಪತ್ರವನ್ನು ಮೇಲಿನ ಕಚೇರಿಗೆ ಕಳಿಸಿ ನಿಟ್ಟುಸಿರು ಬಿಡುತ್ತದೆ. ಊರಿನ ಕಂದಾಯದಲ್ಲಿ ಬದುಕುವ ಪಂಚಾಯಿತಿ ಊರಿಗೆ ಉತ್ತರ ಕೊಡದೆ ತಪ್ಪಿಸಿಕೊಳ್ಳಲಾರದು. ಮಿಕ್ಕ ಮೂರು ಉತ್ತರಗಳ ಬೇರೂ ಬಹುಪಾಲು ಇದರಲ್ಲೇ ಸಿಗುತ್ತದೆ.

‘ಆಕ್ಷನ್ ಪ್ಲ್ಯಾನ್‌ಗೆ ಹಾಕಿದ್ದೀವಿ’

ಯಾವ ಬೀದಿಗೆ ಚರಂಡಿ, ಯಾರಿಗೆ ಮನೆ, ಯಾವ ಕೆರೆಗೆ ಹೂಳೆತ್ತುವ ಕೆಲಸ ಎನ್ನುವುದು ಕಾನೂನಿನಂತೆ ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಮೊದಲು ವಾರ್ಡ್ ಸಭೆ, ಆಮೇಲೆ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ, ಅಲ್ಲಿ ಒಪ್ಪಿದ ಪಟ್ಟಿ ಪಂಚಾಯಿತಿಯ ಕ್ರಿಯಾಯೋಜನೆ. ಗ್ರಾಮಸಭೆಯ ಮೇಲುಸ್ತುವಾರಿಗೆ ಬೇರೆ ಇಲಾಖೆಯ ನೋಡಲ್ ಅಧಿಕಾರಿ ಬರುತ್ತಾರೆ. ಕೃಷಿ, ಶಿಕ್ಷಣ, ಆರೋಗ್ಯ, ಪಶುವೈದ್ಯ ಇಲಾಖೆಗಳವರೂ ಬಂದು ತಮ್ಮ ಯೋಜನೆಗಳನ್ನು ಓದಿ ಹೇಳಬೇಕು.

ನಡೆಯುವುದು ಹೇಗೆ? ಫಲಾನುಭವಿ ಪಟ್ಟಿ ಇರುವ ದಿನ ಶಾಮಿಯಾನ ತುಂಬುತ್ತದೆ. ‘ನನ್ನ ಹೆಸರು ಯಾಕೆ ಬಿಟ್ರಿ’ ಎಂಬ ಜಗಳದಲ್ಲೇ ಮಧ್ಯಾಹ್ನವಾಗುತ್ತದೆ. ಪಟ್ಟಿ ಇಲ್ಲದ ದಿನ ಕೋರಂಗೆ ಜನ ಸೇರಿಸುವುದೇ ಸಾಹಸ; ಹಾಜರಿ ಪುಸ್ತಕ ಸಭೆ ಮುಗಿದ ಮೇಲೂ ಬೀದಿ ಸುತ್ತಿ ಸಹಿ ಪಡೆಯುತ್ತದೆ. ಇಲಾಖೆಯವರಲ್ಲಿ ಕೆಲವರು ಬರುವುದೇ ಇಲ್ಲ, ಬಂದವರು ಕರಪತ್ರ ಓದಿ ಹೊರಡುತ್ತಾರೆ. ಆಮೇಲೆ ಸದಸ್ಯರು ತಮ್ಮ ತಮ್ಮ ವಾರ್ಡಿಗೆ ಇಷ್ಟಿಷ್ಟು ಎಂದು ಹಣವನ್ನು ಸಮ ಹಂಚಿಕೊಳ್ಳುತ್ತಾರೆ. ಹೀಗೆ ಹಂಚಿದರೆ ಜಗಳವಿಲ್ಲ. ಆದರೆ ಇಡೀ ಊರಿನ ನೀರು ಹೊರಹೋಗುವ ಒಂದು ದೊಡ್ಡ ಚರಂಡಿ ಎಂದೂ ಆಗುವುದಿಲ್ಲ. ಪ್ರತಿ ವಾರ್ಡಿನಲ್ಲೂ ನಲವತ್ತು ಐವತ್ತು ಅಡಿ ಕಾಂಕ್ರೀಟು ಚರಂಡಿ ಎಲ್ಲೋ ಶುರುವಾಗಿ ಎಲ್ಲೋ ನಿಲ್ಲುತ್ತದೆ. ನೂಲು ಬಿಚ್ಚುವ ಊರಿನಲ್ಲಿ ಇದರ ಕಷ್ಟ ಹೆಚ್ಚು. ಗೂಡು ಬೇಯಿಸಿದ ನೀರು ಸರಾಗವಾಗಿ ಹರಿದು ಹೋಗದಿದ್ದರೆ ಆ ವಾಸನೆ ವಾರ್ಡಿನ ಗಡಿ ನೋಡಿಕೊಂಡು ನಿಲ್ಲುವುದಿಲ್ಲ.

ಗ್ರಾಮಸಭೆಗಿಂತ ಹರಿತವಾದ ಇನ್ನೊಂದು ಹತಾರ ಇದೆ, ಅದನ್ನು ಬಳಸುವವರು ಕಡಿಮೆ: ಜಮಾಬಂದಿ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ನಡುವೆ ಪಂಚಾಯಿತಿಯ ಹಿಂದಿನ ವರ್ಷದ ಜಮೆ, ಖರ್ಚು, ಕಾಮಗಾರಿಗಳನ್ನು ಜನರ ಮುಂದೆ ಇಟ್ಟು ತಾಳೆ ನೋಡುವ ಪದ್ಧತಿ ಅದು. ಕಾಮಗಾರಿ ನಡೆದ ಜಾಗಕ್ಕೇ ಹೋಗಿ ಅಳತೆ ನೋಡಬಹುದು. ಗ್ರಾಮಸಭೆ ‘ಮುಂದೆ ಏನು ಕೊಡುತ್ತೀರಿ’ ಎಂದು ಕೇಳುವ ಜಾಗ. ಜಮಾಬಂದಿ ‘ಕೊಟ್ಟದ್ದು ಏನಾಯಿತು’ ಎಂದು ಕೇಳುವ ಜಾಗ. ಮೊದಲನೆಯದಕ್ಕೆ ನೂರು ಜನ ಬಂದರೆ ಎರಡನೆಯದಕ್ಕೆ ಹತ್ತು ಜನ ಬರುವುದೂ ಕಷ್ಟ. ಮೇಲಿನಿಂದ ಬಂದ ದುಡ್ಡಿನ ಲೆಕ್ಕ ಕೇಳಲು ಮನಸ್ಸು ಬರುವುದಿಲ್ಲ. ತನ್ನ ಜೇಬಿನಿಂದ ಕೊಟ್ಟವನು ಮಾತ್ರ ಚೀಟಿ ಹಿಡಿದು ಕೇಳುತ್ತಾನೆ.

ಸದಸ್ಯರ ಬಗ್ಗೆಯೂ ಎರಡು ಮಾತು. ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯಿಲ್ಲದೆ ನಡೆಯುತ್ತದೆ. 2020ರ ಡಿಸೆಂಬರ್‌ನಲ್ಲಿ ಎರಡು ಹಂತದಲ್ಲಿ ನಡೆದ ಚುನಾವಣೆಯೂ ಹಾಗೇ. ಪಕ್ಷ ಒಳಗೊಳಗೇ ಇರುತ್ತದೆ, ಆದರೆ ವಿಪ್ ಎಂಬ ಹಗ್ಗವಿಲ್ಲ. ಅದಕ್ಕೇ ಅಧ್ಯಕ್ಷ ಸ್ಥಾನ ‘ಮಾತಿನ ಮೇಲೆ’ ಹಂಚಿಕೆಯಾಗುತ್ತದೆ, ಮಾತು ತಪ್ಪಿದಾಗ ಅವಿಶ್ವಾಸದ ಅರ್ಜಿ ಕೊಳ್ಳೇಗಾಲದ ಉಪವಿಭಾಗಾಧಿಕಾರಿಯ ಮೇಜಿಗೆ ಹೋಗುತ್ತದೆ. ಹೆಂಗಸರಿಗೆ ಅರ್ಧ ಪಾಲು ಬಂದ ಮೇಲೆ ಅಧ್ಯಕ್ಷೆಯ ಕುರ್ಚಿಯ ಪಕ್ಕ ಗಂಡನಿಗೊಂದು ಕುರ್ಚಿ ಹಾಕುವ ರೂಢಿಯೂ ಬಂತು. ಅದು ಪೂರ್ತಿ ಹೋಗಿಲ್ಲ. ಆದರೂ ಮೊದಲ ಅವಧಿಯಲ್ಲಿ ಸಹಿಗಷ್ಟೇ ಬಂದವರು ಎರಡನೇ ಅವಧಿಯ ಹೊತ್ತಿಗೆ ಬಿಲ್ಲು ಓದಿ ಸಹಿ ಹಾಕುವುದನ್ನು ಕಲಿತದ್ದೂ ಅಷ್ಟೇ ನಿಜ. ಚೆಕ್ಕಿಗೆ, ಈಗ ಡಿಜಿಟಲ್ ಸಹಿಯ ಡೋಂಗಲ್ಲಿಗೆ, ಅಧ್ಯಕ್ಷರು ಮತ್ತು ಪಿಡಿಒ ಇಬ್ಬರದೂ ಬೇಕು ಎಂಬ ನಿಯಮ ಆ ಕಲಿಕೆಗೆ ದಾರಿ ಮಾಡಿತು.

ಒಂದೊಂದು ಮತಕ್ಕೂ ಬೆಲೆಯಿದೆ ಎನ್ನುವುದನ್ನು ಈ ಸೀಮೆಗೆ ಯಾರೂ ಕಲಿಸಬೇಕಾಗಿಲ್ಲ. 2004ರ ವಿಧಾನಸಭಾ ಚುನಾವಣೆಯಲ್ಲಿ ಆಗಿನ ಸಂತೇಮರಹಳ್ಳಿ ಕ್ಷೇತ್ರದಿಂದ ಆರ್. ಧ್ರುವನಾರಾಯಣ ಅವರು ಎ.ಆರ್. ಕೃಷ್ಣಮೂರ್ತಿ ಅವರ ವಿರುದ್ಧ ಗೆದ್ದದ್ದು ಒಂದೇ ಒಂದು ಮತದಿಂದ: 40,752 ಮತ್ತು 40,751. ಅಷ್ಟು ಎಚ್ಚರದಿಂದ ಮತ ಎಣಿಸಿದ ಸೀಮೆಯಲ್ಲಿ ಗ್ರಾಮಸಭೆಯ ತಲೆ ಎಣಿಕೆ ಇಷ್ಟು ಸಡಿಲವಾಗಿರುವುದು ವಿಚಿತ್ರ.

‘ಸರ್ವರ್ ಇಲ್ಲ’

ಪಂಚಾಯಿತಿಯ ಬಾಗಿಲಿಗೆ ಅತಿ ಹೆಚ್ಚು ಜನರನ್ನು ಎಳೆದು ತರುವುದು ರಸ್ತೆಯಲ್ಲ, ಖಾತೆ. ಅಪ್ಪನ ಹೆಸರಿನ ಮನೆ ಮಕ್ಕಳ ಹೆಸರಿಗಾಗಬೇಕು, ಬ್ಯಾಂಕ್ ಸಾಲಕ್ಕೆ ಕಾಗದ ಬೇಕು, ಮಾರಲು ಕೊಳ್ಳಲು ನೋಂದಣಿ ಆಗಬೇಕು. 2013ರವರೆಗೆ ಇದು ಕೈಬರಹದ ದಫ್ತರದಲ್ಲಿತ್ತು. ಒಂದೇ ಸೈಟಿಗೆ ಎರಡು ಖಾತೆ, ಸರ್ಕಾರಿ ಜಾಗಕ್ಕೊಂದು ಖಾತೆ, ಹಳೆಯ ತಾರೀಖು ಹಾಕಿದ ಖಾತೆ ಎಲ್ಲವೂ ಸಾಧ್ಯವಿತ್ತು. ಆ ವರ್ಷ ಬಂದ ಇ-ಸ್ವತ್ತು ತಂತ್ರಾಂಶ ಇದಕ್ಕೆ ಬೀಗ ಹಾಕಿತು. ಅದರಿಂದ ಪಡೆದ ನಮೂನೆ 9 ಮತ್ತು 11 ಇಲ್ಲದೆ ನೋಂದಣಿ ಇಲ್ಲವೆಂದಾಯಿತು.

ಬೀಗ ಹಾಕಿದ ಮೇಲೆ ಕೀಲಿ ಎಲ್ಲರಿಗೂ ಸಿಗಲಿಲ್ಲ. ಗ್ರಾಮಠಾಣಾ ಗಡಿಯೊಳಗಿನ ಹಳೆಯ ಮನೆಗಳದು ಒಂದು ಕಥೆ. ನೂರು ವರ್ಷದಿಂದ ವಾಸವಿದ್ದರೂ ಅಳತೆಯ ನಕ್ಷೆ ಇಲ್ಲ. ಮೋಜಿಣಿಗೆ ಅರ್ಜಿ ಹಾಕಿ ಸರ್ವೆಯರ್‌ಗೆ ಕಾಯಬೇಕು. ಗಡಿಯ ಹೊರಗೆ, ಹೊಲದಲ್ಲಿ ಎದ್ದ ಮನೆಗಳದು ಇನ್ನೊಂದು ಕಥೆ. ಭೂಪರಿವರ್ತನೆ ಆಗಿಲ್ಲ, ಬಡಾವಣೆಗೆ ಮಂಜೂರಾತಿ ಇಲ್ಲ, ಮನೆ ಮಾತ್ರ ಮೂರು ಅಂತಸ್ತು. ಇವರು ನೀರು ಕುಡಿಯುತ್ತಾರೆ, ದೀಪ ಬಳಸುತ್ತಾರೆ, ಕಸ ಹಾಕುತ್ತಾರೆ. ಆದರೆ ಕಂದಾಯ ಕಟ್ಟಲು ಬಂದರೂ ಕಟ್ಟಿಸಿಕೊಳ್ಳುವ ದಾರಿ ಪಂಚಾಯಿತಿಗೆ ಸಲೀಸಾಗಿರಲಿಲ್ಲ. ಇಂಥ ಸ್ವತ್ತುಗಳನ್ನು ತೆರಿಗೆಯ ವ್ಯಾಪ್ತಿಗೆ ತರಲೆಂದೇ 2025ರಲ್ಲಿ ಕಾನೂನಿಗೆ ತಿದ್ದುಪಡಿ ಬಂತು. ಹಳೆಯ ಮನೆಗಳಿಗಾಗಿ 2020ರ ಏಪ್ರಿಲ್‌ನಲ್ಲಿ ಕೇಂದ್ರದ ಸ್ವಾಮಿತ್ವ ಯೋಜನೆ ಬಂತು. ಡ್ರೋನ್ ಹಾರಿಸಿ ಊರೊಳಗಿನ ಆಸ್ತಿಗಳನ್ನು ಅಳೆದು ಕಾರ್ಡು ಕೊಡುವ ಕೆಲಸ ಅದು. ಅಣ್ಣತಮ್ಮಂದಿರ ನಡುವಿನ ಗೋಡೆ ಯಾರದೆಂದು ಡ್ರೋನಿಗೆ ತಿಳಿಯುವುದಿಲ್ಲ. ಅದನ್ನು ತೀರ್ಮಾನಿಸಲು ಊರಿನ ಹಿರಿಯರೇ ಕೂರಬೇಕು.

ಸರ್ವರ್ ಮೇಲೆ ಎಷ್ಟೇ ಬೈಗುಳ ಬಿದ್ದರೂ ಕಂಪ್ಯೂಟರಿನಿಂದ ಆದ ಉಪಕಾರ ಚಿಕ್ಕದಲ್ಲ. ಪಂಚಾಯಿತಿಯ ಬಾಪೂಜಿ ಸೇವಾ ಕೇಂದ್ರದಲ್ಲೇ ಪಹಣಿ ಸಿಗುವುದರಿಂದ ಯಳಂದೂರಿಗೆ ಒಂದು ದಿನದ ಕೂಲಿ ಬಿಟ್ಟು ಹೋಗುವುದು ತಪ್ಪಿದೆ. ಇಷ್ಟು ದಿನದೊಳಗೆ ಕೆಲಸ ಮುಗಿಸಬೇಕೆಂಬ ಸಕಾಲ ಕಾನೂನು 2012ರಿಂದ ಜಾರಿಯಲ್ಲಿದೆ. ಅರ್ಜಿಗೆ ನಂಬರು ಬಿದ್ದ ಮೇಲೆ ‘ಫೈಲು ಸಿಗ್ತಾ ಇಲ್ಲ’ ಎನ್ನುವುದು ಕಷ್ಟ. ಹಾಗಾಗಿ ಕೆಲವೆಡೆ ಅರ್ಜಿಗೆ ನಂಬರೇ ಬೀಳದ ಹಾಗೆ ನೋಡಿಕೊಳ್ಳುವ ಜಾಣತನ ಬೆಳೆಯಿತು. ‘ಮೊದಲು ಕಾಗದ ಸರಿಮಾಡಿಕೊಂಡು ಬನ್ನಿ’ ಎಂದು ಬಾಯಲ್ಲೇ ಕಳಿಸಿದರೆ ಸಕಾಲದ ಗಡಿಯಾರ ಓಡುವುದೇ ಇಲ್ಲ. ಸ್ವೀಕೃತಿ ಚೀಟಿ ಕೇಳಿ ಪಡೆಯುವುದೊಂದನ್ನು ಊರಿನವರು ರೂಢಿ ಮಾಡಿಕೊಂಡರೆ ಅರ್ಧ ಜಗಳ ಅಲ್ಲೇ ತೀರುತ್ತದೆ.

ಜನನ ಮರಣದ ವಿಷಯದಲ್ಲೂ ಹೀಗೇ. 1969ರ ಕಾನೂನಿನಂತೆ 21 ದಿನದೊಳಗೆ ತಿಳಿಸಿದರೆ ಖರ್ಚಿಲ್ಲದೆ ಮುಗಿಯುವ ಕೆಲಸ, ವರ್ಷ ದಾಟಿದರೆ ಮೇಲಧಿಕಾರಿಯ ಆದೇಶಕ್ಕೆ ಕಾಯುವ ಕೆಲಸವಾಗುತ್ತದೆ. ಆಸ್ಪತ್ರೆಯಲ್ಲಿ ಆದ ಹೆರಿಗೆಗಳಲ್ಲಿ ಈ ತೊಂದರೆ ಕಡಿಮೆಯಾಗಿದೆ. ಮನೆಯಲ್ಲಿ ತೀರಿಕೊಂಡ ಹಿರಿಯರ ಮರಣವನ್ನು ಬರೆಸುವುದು ಮಾತ್ರ, ಖಾತೆ ಬದಲಾಯಿಸುವ ದಿನ ಬಂದಾಗಲೇ ಎಷ್ಟೋ ಮನೆಗಳಿಗೆ ನೆನಪಾಗುವುದು.

‘ನಮ್ಮ ಲಿಮಿಟ್ಟಿಗೆ ಬರಲ್ಲ’

ನಾಲ್ಕನೆಯ ಉತ್ತರ ಎಲ್ಲಕ್ಕಿಂತ ಕಹಿ, ಎಲ್ಲಕ್ಕಿಂತ ನಿಜ. ಊರೊಳಗಿನ ಮುಖ್ಯ ರಸ್ತೆ ಲೋಕೋಪಯೋಗಿ ಇಲಾಖೆಯದು, ಅದರ ಪಕ್ಕದ ಚರಂಡಿಯ ಹೂಳು ಪಂಚಾಯಿತಿಯದು. ಕಂಬ ಸೆಸ್ಕ್‌ನದು, ಅದರ ತುದಿಯ ಬಲ್ಬು ಪಂಚಾಯಿತಿಯದು. ಶಾಲೆಯ ಮೇಷ್ಟ್ರು ಶಿಕ್ಷಣ ಇಲಾಖೆಯವರು, ಶಾಲೆಯ ನೀರು ಪಂಚಾಯಿತಿಯದು. ಬಿಳಿಗಿರಿರಂಗನ ಬೆಟ್ಟದ ಬುಡದಲ್ಲಿ ಹರಿದು ಬರುವ ಸುವರ್ಣಾವತಿ 2022ರ ಮಳೆಗಾಲದಲ್ಲಿ ತುಂಬಿ ಯಳಂದೂರು ತಾಲ್ಲೂಕಿನ ಊರುಗಳಿಗೆ ನುಗ್ಗಿದಾಗ ಇಲಾಖೆಗಳ ನಡುವಿನ ಈ ಗೆರೆಗಳು ನೀರಿನಡಿ ಮುಳುಗಿದವು. ನೀರು ಇಳಿದ ಮೇಲೆ ಮತ್ತೆ ಕಾಣಿಸಿಕೊಂಡವು: ಬೆಳೆ ನಷ್ಟ ಒಂದು ಕಡೆ, ಮನೆ ಬಿದ್ದ ಪರಿಹಾರ ಇನ್ನೊಂದು ಕಡೆ, ಹೊಳೆಯ ದಂಡೆ ಮತ್ತೊಂದು ಕಡೆ.

ಈ ಗೆರೆ ಎಷ್ಟು ದೂರ ಕೊಂಡೊಯ್ಯಬಹುದು ಎಂಬುದಕ್ಕೆ ಹನೂರು ತಾಲ್ಲೂಕಿನ ಇಂಡಿಗನತ್ತ ಸಾಕ್ಷಿ. ಮಲೆ ಮಹದೇಶ್ವರ ಬೆಟ್ಟದ ಕಾಡಿನೊಳಗಿನ ಆ ಊರಿಗೆ ರಸ್ತೆ ಬೇಕೆಂದರೆ ಪಂಚಾಯಿತಿಯ ಮನಸ್ಸು ಸಾಲದು, ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. 2024ರ ಏಪ್ರಿಲ್ 26ರ ಲೋಕಸಭಾ ಚುನಾವಣೆಯ ದಿನ ಮೂಲಸೌಕರ್ಯದ ಸಿಟ್ಟು ಅಲ್ಲಿ ಮತಗಟ್ಟೆಯ ಮೇಲೆ ತಿರುಗಿತು, ಮತಯಂತ್ರ ಪುಡಿಯಾಯಿತು, ಮೂರು ದಿನದ ಮೇಲೆ ಮರುಮತದಾನ ನಡೆಯಿತು. ಮರುವರ್ಷ ಅದೇ ತಿಂಗಳಲ್ಲಿ ರಾಜ್ಯದ ಸಚಿವ ಸಂಪುಟವೇ ಮಹದೇಶ್ವರ ಬೆಟ್ಟದಲ್ಲಿ ಸಭೆ ಸೇರಿತು. ಮಂತ್ರಿಗಳು ಬೆಟ್ಟ ಹತ್ತಿದ್ದು ಒಳ್ಳೆಯದೇ. ಆದರೆ ಊರಿನ ರಸ್ತೆ ಪ್ರಶ್ನೆ ಸಂಪುಟದವರೆಗೆ ಏರಬೇಕಾಗಿ ಬರುವುದು ನಡುವಿನ ಮೆಟ್ಟಿಲುಗಳು ಮುರಿದಿರುವುದರ ಗುರುತು.

ನಡುವಿನ ಮೆಟ್ಟಿಲು ಎಂದರೆ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿ. ಅವುಗಳಿಗೆ 2016ರಲ್ಲಿ ಚುನಾವಣೆ ನಡೆಯಿತು. 2021ರಲ್ಲಿ ಅವಧಿ ಮುಗಿದ ಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಎಂದು ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಚುನಾವಣೆ ನಡೆಯಲಿಲ್ಲ. ಅಧಿಕಾರಿಗಳೇ ಆಡಳಿತಾಧಿಕಾರಿಗಳಾದರು. ಎರಡು ಇಲಾಖೆಗಳ ಜಗಳವನ್ನು ತಾಲ್ಲೂಕು ಮಟ್ಟದಲ್ಲಿ ಗಂಟಲೆತ್ತಿ ಕೇಳುತ್ತಿದ್ದ ಸದಸ್ಯ ಇಲ್ಲವಾದ. ಅವನ ಕೆಲಸ ಈಗ ಶಾಸಕರ ಮನೆ ಮುಂದಿನ ಸಾಲಿನಲ್ಲಿ ನಡೆಯುತ್ತದೆ.

ಇದಕ್ಕೆ ಎದುರಾಗಿ ಯಳಂದೂರು ತಾಲ್ಲೂಕಿನದೇ ಬೆಟ್ಟದ ಮೇಲೆ ಬೇರೊಂದು ಮಾದರಿ ಇದೆ. 2006ರ ಅರಣ್ಯ ಹಕ್ಕು ಕಾನೂನಿನಡಿ ಬಿಳಿಗಿರಿರಂಗನ ಬೆಟ್ಟದ ಸೋಲಿಗ ಬುಡಕಟ್ಟಿನವರ ಪೋಡುಗಳ (ಹಾಡಿಗಳ) ಗ್ರಾಮಸಭೆಗಳಿಗೆ 2011ರಲ್ಲಿ ಸಮುದಾಯ ಅರಣ್ಯ ಹಕ್ಕುಪತ್ರ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶವಾಗಿ ಘೋಷಣೆಯಾದ ಕಾಡಿನಲ್ಲೇ ಜೇನು, ನೆಲ್ಲಿ, ಪಾಚಿಯ ಮೇಲಿನ ಹಕ್ಕು ಪೋಡಿನವರದಾಯಿತು. ಅಲ್ಲಿನ ಗ್ರಾಮಸಭೆ ಒಂದು ಪೋಡಿನದು. ಮುಖ ಮುಖ ಗೊತ್ತಿರುವವರದು. ತನ್ನದೇ ಸೊತ್ತಿನ ಬಗ್ಗೆ ಮಾತಾಡುವ ಸಭೆ ಅದಾದ್ದರಿಂದ ಅಲ್ಲಿ ಕೂರುವುದಕ್ಕೆ ಅರ್ಥವಿದೆ. ಬಯಲು ಸೀಮೆಯ ಗ್ರಾಮಸಭೆಗೆ ಕಲಿಯಲು ಇಲ್ಲಿ ಪಾಠವಿದೆ.

ಪಟ್ಟಣ ಪಂಚಾಯಿತಿ ಆದರೆ ಸರಿಹೋಗುತ್ತದೆಯೇ?

ಬೆಳೆಯುವ ಊರುಗಳಲ್ಲೆಲ್ಲ ಈ ಬೇಡಿಕೆ ಏಳುತ್ತದೆ. ಹತ್ತರಿಂದ ಇಪ್ಪತ್ತು ಸಾವಿರ ಜನಸಂಖ್ಯೆ, ಚದರ ಕಿಲೋಮೀಟರಿಗೆ 400ಕ್ಕೆ ಕಡಿಮೆಯಿಲ್ಲದ ಸಾಂದ್ರತೆ, ದುಡಿಯುವವರಲ್ಲಿ ಅರ್ಧದಷ್ಟು ಜನ ಬೇಸಾಯದ ಹೊರಗೆ. ಸ್ಥೂಲವಾಗಿ ಇವು ಪಟ್ಟಣ ಪಂಚಾಯಿತಿಯ ಅಳತೆಗಳು. ಯಳಂದೂರು ಪಟ್ಟಣ ಪಂಚಾಯಿತಿ, ಹನೂರು ಪಟ್ಟಣ ಪಂಚಾಯಿತಿ, ಐವತ್ತು ಸಾವಿರ ದಾಟಿದ ಕೊಳ್ಳೇಗಾಲ ನಗರಸಭೆ. ಹೀಗೆ ಪಕ್ಕದಲ್ಲೇ ಮೂರು ಉದಾಹರಣೆಗಳಿವೆ. ರೇಷ್ಮೆ ಕೆಲಸದಲ್ಲಿ ಕೈಯಿಟ್ಟ ಅಗರ–ಮಾಂಬಳ್ಳಿಯಂಥ ಜೋಡಿ ಊರುಗಳೂ ಒಂದಲ್ಲ ಒಂದು ದಿನ ಈ ಪ್ರಶ್ನೆಯ ಮುಂದೆ ನಿಲ್ಲಬೇಕಾದವೇ.

ಲಾಭವಿದೆ. ಮುಖ್ಯಾಧಿಕಾರಿ, ಆರೋಗ್ಯ ನಿರೀಕ್ಷಕ, ಪೌರಕಾರ್ಮಿಕರು ಎಂಬ ಸಿಬ್ಬಂದಿ ಬರುತ್ತಾರೆ. ತೆರಿಗೆಯ ಶಿಸ್ತು ಬಿಗಿ: ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ 5 ರಿಯಾಯಿತಿ, ತಡವಾದರೆ ತಿಂಗಳಿಗೆ ಶೇ 2 ದಂಡ. ನಷ್ಟವೂ ಇದೆ. ಗ್ರಾಮೀಣ ಉದ್ಯೋಗ ಖಾತ್ರಿಯ ಕೂಲಿ ನಿಲ್ಲುತ್ತದೆ, ಗ್ರಾಮೀಣ ವಸತಿ ಯೋಜನೆಗಳು ಕೈತಪ್ಪುತ್ತವೆ, ಊರಿನ ಶಾಲೆಯಲ್ಲಿ ಓದಿದ ಮಕ್ಕಳಿಗೆ ಗ್ರಾಮೀಣ ಮೀಸಲಾತಿಯ ಚಿಂತೆ ಶುರುವಾಗುತ್ತದೆ. ಸೈಟು ಇರುವವರು ಪಟ್ಟಣವಾಗಲಿ ಎನ್ನುವುದು, ಕೂಲಿಗೆ ಹೋಗುವವರು ಹಳ್ಳಿಯಾಗಿಯೇ ಇರಲಿ ಎನ್ನುವುದು ಸಹಜ.

ಚರ್ಚೆಯಲ್ಲಿ ಯಾರೂ ಎತ್ತದ ನಷ್ಟ ಇನ್ನೊಂದಿದೆ. ಪಟ್ಟಣವಾದ ದಿನ ಗ್ರಾಮಸಭೆ ಇಲ್ಲವಾಗುತ್ತದೆ. 74ನೇ ತಿದ್ದುಪಡಿ ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿದ್ದು ಮೂರು ಲಕ್ಷ ಇಲ್ಲವೇ ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಿಗೆ. ಯಳಂದೂರು, ಹನೂರಿನಂಥ ಪಟ್ಟಣಗಳ ನಿವಾಸಿಗೆ ಕಾನೂನು ಕೊಟ್ಟ ಬಯಲು ಸಭೆ ಒಂದೂ ಇಲ್ಲ. ಅವರು ಐದು ವರ್ಷಕ್ಕೊಮ್ಮೆ ಮತ ಹಾಕಬಹುದು, ನಡುವೆ ಅರ್ಜಿ ಕೊಡಬಹುದು. ಜೊತೆಗೆ ಪಕ್ಷ ರಾಜಕೀಯ ಬಾಗಿಲು ತಟ್ಟಿ ಒಳಗೆ ಬರುತ್ತದೆ. ಕೊಳ್ಳೇಗಾಲ ನಗರಸಭೆಯಲ್ಲಿ ವಿಪ್ ಉಲ್ಲಂಘಿಸಿದ ಬಿಎಸ್‌ಪಿ ಸದಸ್ಯರು ಅನರ್ಹರಾಗಿ 2022ರಲ್ಲಿ ಏಳು ವಾರ್ಡುಗಳಿಗೆ ಉಪಚುನಾವಣೆ ನಡೆಯಬೇಕಾಯಿತು. ಆ ವಾರ್ಡುಗಳ ಕಸ, ನೀರು, ದೀಪಕ್ಕೂ ಆ ಜಗಳಕ್ಕೂ ಸಂಬಂಧವಿರಲಿಲ್ಲ.

ಬೋರ್ಡು ಬದಲಾದರೆ ಸಿಬ್ಬಂದಿ ಬರಬಹುದು, ಲೆಕ್ಕದ ದಿಕ್ಕು ಬದಲಾಗುವುದಿಲ್ಲ. ಅನುದಾನಕ್ಕೆ ಕಾಯುವ ಗ್ರಾಮ ಪಂಚಾಯಿತಿ, ಅನುದಾನಕ್ಕೆ ಕಾಯುವ ಪಟ್ಟಣ ಪಂಚಾಯಿತಿ ಆಗುತ್ತದೆ ಅಷ್ಟೆ.

ಮಾಡಬಹುದಾದದ್ದು

ಹೊಸ ಕಾನೂನು ಬೇಕೆಂದು ಕೇಳುವ ಮೊದಲು ಇರುವ ಕಾನೂನಿನಲ್ಲೇ ಆಗಬಹುದಾದ ಕೆಲವು ಕೆಲಸಗಳಿವೆ. ಕಂದಾಯದ ರಸೀದಿಯ ಹಿಂಬದಿಯಲ್ಲಿ ಹೋದ ವರ್ಷ ಊರಿನ ಕಂದಾಯ ಎಷ್ಟು ಬಂತು, ಅದರಲ್ಲಿ ನೀರಿಗೆಷ್ಟು, ದೀಪಕ್ಕೆಷ್ಟು, ಸಂಬಳಕ್ಕೆಷ್ಟು, ಮೇಲಿನ ಕರಗಳಿಗೆಷ್ಟು ಎಂದು ಅಚ್ಚು ಹಾಕಬಹುದು. ಬಾಕಿದಾರರ ಪಟ್ಟಿಯನ್ನು, ಸದಸ್ಯರ ಮನೆಗಳದು ಮೊದಲಾಗಿ, ಕಚೇರಿಯ ಗೋಡೆಗೆ ಅಂಟಿಸಬಹುದು. ವಾರ್ಡಿಗಿಷ್ಟು ಎಂಬ ಹಂಚಿಕೆಯಿಂದ ಒಂದು ಪಾಲನ್ನು ತೆಗೆದಿಟ್ಟು ಇಡೀ ಊರಿನ ಒಂದು ಚರಂಡಿಗೆ ಮೀಸಲಿಡುವ ಅಧಿಕಾರ ಸಾಮಾನ್ಯ ಸಭೆಗೇ ಇದೆ. ಜಮಾಬಂದಿಯ ದಿನವನ್ನು ಊರಿಗೆ ಅನುಕೂಲವಾದ ವಾರದಲ್ಲಿಟ್ಟು ಡಂಗುರ ಸಾರಬಹುದು. ವಾಟ್ಸ್‌ಆ್ಯಪ್ ಗುಂಪಿನ ಡಂಗುರವೂ ನಡೆದೀತು. 2020ರಲ್ಲಿ ‘ಓದುವ ಬೆಳಕು’ ಎಂದು ಮಕ್ಕಳನ್ನು ಪುಕ್ಕಟೆ ಸದಸ್ಯರನ್ನಾಗಿ ಸೇರಿಸಿಕೊಂಡ ಪಂಚಾಯಿತಿ ಗ್ರಂಥಾಲಯಗಳಲ್ಲಿ ಆಯಾ ವರ್ಷದ ಜಮಾ ಖರ್ಚಿನ ಪುಸ್ತಕವನ್ನೂ ಒಂದು ಮೇಜಿನ ಮೇಲಿಡಬಹುದು.

ಸರ್ಕಾರ ಮಾಡಬೇಕಾದ್ದು ಎರಡು. ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳಿಗೆ ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಸುವುದು ಒಂದು. ತಾನೇ ಕಂದಾಯ ವಸೂಲು ಮಾಡಿದ ಪಂಚಾಯಿತಿಗೆ ಕಟ್ಟಿಲ್ಲದ ಹಣವನ್ನು ಹೆಚ್ಚಾಗಿ ಕೊಡುವುದು ಇನ್ನೊಂದು. ಬಡ ಊರುಗಳಿಗೆ ಅನ್ಯಾಯವಾಗದಂತೆ, ವಸೂಲಾದ ಮೊತ್ತವನ್ನಲ್ಲ, ವಸೂಲಾಗಬೇಕಾದ್ದರಲ್ಲಿ ಎಷ್ಟು ಪಾಲು ವಸೂಲಾಯಿತು ಎಂಬುದನ್ನು ಅಳತೆ ಮಾಡಬೇಕು. ಬಡ ಊರೂ ತನ್ನ ಪಾಲಿನ ತೊಂಬತ್ತನ್ನು ಕಟ್ಟಬಲ್ಲದು, ಸಿರಿವಂತ ಊರೂ ನಲವತ್ತರಲ್ಲಿ ನಿಲ್ಲಬಹುದು.

ತೆರಿಗೆಯ ಮಾತೆತ್ತಿದರೆ ಬಡವರ ಮೇಲೆ ಹೊರೆ ಎಂಬ ಆಕ್ಷೇಪ ಬರುತ್ತದೆ. ಅದನ್ನು ಅಲ್ಲಗಳೆಯಬಾರದು. ಹೆಂಚಿನ ಮನೆಯ ಕೂಲಿಕಾರನಿಗೂ ಮೂರಂತಸ್ತಿನ ಮನೆಗೂ ಒಂದೇ ಬಿಗಿ ಸಲ್ಲದು. ದರ ನಿಗದಿಯಲ್ಲಿ ಆ ವ್ಯತ್ಯಾಸ ಇರಬೇಕು. ಆದರೆ ಇಂದಿನ ಸ್ಥಿತಿಯಲ್ಲಿ ಬಾಕಿ ಉಳಿಸಿಕೊಂಡು ಸುಖವಾಗಿರುವವರು ಬಡವರಲ್ಲ. ಖಾತೆಗೆ, ಸಾಲಕ್ಕೆ, ಮನೆ ಮಂಜೂರಿಗೆ ಪಂಚಾಯಿತಿಗೆ ಬರಲೇಬೇಕಾದ ಬಡವರ ಬಾಕಿ ಆ ದಿನವೇ ಚುಕ್ತಾ ಆಗುತ್ತದೆ. ಬರಬೇಕಾದ ಅಗತ್ಯವಿಲ್ಲದವರ ಬಾಕಿ ಬೆಳೆಯುತ್ತಾ ಹೋಗುತ್ತದೆ. ಅದನ್ನು ವಸೂಲು ಮಾಡುವ ಧೈರ್ಯ ತೋರಿದ ಪಂಚಾಯಿತಿ ಮುಂದಿನ ಚುನಾವಣೆಯಲ್ಲಿ ನಾಲ್ಕು ಮತ ಕಳೆದುಕೊಂಡೀತು. ಆದರೆ ಅದು ಬಿಲ್ಲು ಪಾಸು ಮಾಡುವ ಕಚೇರಿಯಾಗಿ ಉಳಿಯದೆ, ತನ್ನ ಊರಿಗೆ ತಾನೇ ಉತ್ತರ ಕೊಡುವ ಸರ್ಕಾರವಾಗುತ್ತದೆ.